ನಮ್ಮ ಮಾತು ನಾವೇ ಆಡುತ್ತೇವೆ



ಶನಿವಾರ ಬೆಳಿಗ್ಗೆ ಮಕ್ಕಳು ದೊಡ್ಡ ಹಾಲಿನಲ್ಲಿ ಕನ್ನಡ ಅಕ್ಷರ ತಿದ್ದುವ ಹೊತ್ತಿಗೆ, ಪಕ್ಕದ ಸಣ್ಣ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಜನ ಇಂಗ್ಲಿಷಿನಲ್ಲಿ ಮಾತಾಡಿ ಅಭ್ಯಾಸ ಮಾಡುವುದು ನಿಮಗೆಲ್ಲ ತಿಳಿದದ್ದೇ. ಮದುವೆಯಾಗಿ ಈ ದೇಶಕ್ಕೆ ಬಂದವರಿದ್ದೇವೆ, ಗಂಡನ ಕೆಲಸದ ವೀಸಾದ ಮೇಲೆ ಬಂದವರಿದ್ದೇವೆ, ಮಗ ಮಗಳ ಮನೆಗೆಂದು ಬಂದ ಹಿರಿಯರಿದ್ದೇವೆ. ಈ ಕ್ಲಾಸಿನ ಬಗ್ಗೆ ಬರುವ ಸರ್ವಸದಸ್ಯರ ಸಭೆಯ ಮುಂದೆ ಒಂದು ಸಲಹೆ ಇದೆ. ಅಲ್ಲಿ ನಡೆಯುವುದು ಬರಿಯ ಹರಟೆ, ಅದರ ಬದಲು ವೀಸಾ ಪರೀಕ್ಷೆಯ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಬೇಕು, ಉಳಿದ ವೇಳೆಯಲ್ಲಿ ವ್ಯಾಕರಣ ಹೇಳಿ ಉಚ್ಚಾರ ತಿದ್ದಬೇಕು ಎಂಬುದು ಆ ಸಲಹೆ. ಕೊಟ್ಟವರೆಲ್ಲರೂ ಇಂಗ್ಲಿಷನ್ನು ನೀರು ಕುಡಿದ ಹಾಗೆ ಮಾತಾಡುವವರು. ಕ್ಲಾಸಿನಲ್ಲಿ ಕೂರುವ ನಮ್ಮಲ್ಲಿ ಒಬ್ಬರನ್ನೂ ಅವರು ಕೇಳಿಲ್ಲ. ಕೇಳದಿದ್ದರೂ ಹೇಳುತ್ತಿದ್ದೇವೆ: ಈ ಸಲಹೆ ನಮಗೆ ಬೇಡ. ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಓದಿ ಸಭೆಗೆ ಬನ್ನಿ.

ಮೊದಲು ವ್ಯಾಕರಣದ ಮಾತು. ನಮಗೆ ವ್ಯಾಕರಣ ಬಾರದು ಎಂದು ನಿಮಗೆ ಹೇಳಿದವರು ಯಾರು? ನಮ್ಮಲ್ಲಿ ಬಹುಪಾಲು ಜನ ಕನ್ನಡ ಮಾಧ್ಯಮದಲ್ಲಿ ಓದಿದವರು. ಐದನೆಯ ಇಯತ್ತೆಯಲ್ಲಿ ಎಬಿಸಿಡಿ ಹಿಡಿದು ಎಸ್ಸೆಸ್ಸೆಲ್ಸಿ ದಾಟಿದವರು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ, ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ಬದಲಿಸಿ ಅಂಕ ತೆಗೆದವರು. ಇಂಗ್ಲೆಂಡಿಗೆ ಬಂದ ಮೇಲೆ ಅಂಗಡಿಯಲ್ಲಾಗಲಿ, ಬಸ್ಸಿನಲ್ಲಾಗಲಿ, ಮಗುವಿನ ಶಾಲೆಯಲ್ಲಾಗಲಿ ಈ ವಾಕ್ಯವನ್ನು ಪ್ಯಾಸಿವ್ ವಾಯ್ಸಿಗೆ ಬದಲಿಸಿ ಎಂದು ಯಾರೂ ನಮ್ಮನ್ನು ಕೇಳಿಲ್ಲ. ಆರು ವರ್ಷ ಇಂಗ್ಲಿಷ್ ಓದಿದೆವು, ಬರೆದೆವು. ಒಂದು ದಿನವೂ ಅದರಲ್ಲಿ ಇನ್ನೊಬ್ಬರೊಡನೆ ಮಾತಾಡಲಿಲ್ಲ. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಮೇಷ್ಟರಿಗೂ ಅದು ಸಾಧ್ಯವಿರಲಿಲ್ಲ. ನಮಗೆ ಕೊರತೆ ಇರುವುದು ಮಾತಿನ ಬಳಕೆಯದು. ಆ ಕೊರತೆ ತುಂಬಲು ಮತ್ತೆ ಅದೇ ವ್ಯಾಕರಣ ಹೇಳುತ್ತೇವೆಂದರೆ, ಈಜು ಬಾರದವನಿಗೆ ನೀರಿನ ಬಗ್ಗೆ ಪುಸ್ತಕ ಕೊಟ್ಟ ಹಾಗಾಯಿತು.

ಅರ್ಥಕ್ಕಾಗಿ ಭಾಷೆ ಬಳಸುತ್ತ ಭಾಷೆ ಕಲಿಯುವುದು ಬಿಳಿಯರು ತಂದ ಹೊಸ ಚಾಳಿ ಎಂದು ಕೆಲವರು ಭಾವಿಸಿದ ಹಾಗಿದೆ. ಅವರಿಗೆ ಒಂದು ಸಂಗತಿ ನೆನಪಿಸಬೇಕು. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅದರಲ್ಲಿ ಕೈಜೋಡಿಸಿತ್ತು. ಭಾಷೆ ಕಲಿಸುವವರ ಲೋಕದಲ್ಲಿ ಇಂದಿಗೂ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಪ್ರಭು ಅವರ ತರಗತಿಗಳಲ್ಲಿ ಇಂದು ಈ ನಿಯಮ, ನಾಳೆ ಆ ನಿಯಮ ಎಂಬ ಪಾಠಪಟ್ಟಿ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, ಈ ಊರಿನಿಂದ ಆ ಊರಿಗೆ ಇಂತಿಷ್ಟು ಗಂಟೆಯೊಳಗೆ ತಲುಪಲು ಯಾವ ಗಾಡಿ ಹಿಡಿಯಬೇಕು ಎಂಬಂಥ ಲೆಕ್ಕ ಕೇಳುತ್ತಿದ್ದರು. ಮಕ್ಕಳ ಗಮನವೆಲ್ಲ ಉತ್ತರ ಹುಡುಕುವುದರ ಮೇಲೆ. ಆ ಹುಡುಕಾಟದಲ್ಲೇ ಭಾಷೆ ಮೈಗೆ ಹತ್ತುತ್ತದೆ ಎಂಬುದು ಅವರ ವಾದ. 1987ರಲ್ಲಿ ಈ ಅನುಭವವನ್ನು ಅವರು ಪುಸ್ತಕವಾಗಿ ಬರೆದರು. ಪ್ರಯೋಗವನ್ನು ಅಳೆದು ನೋಡಿದ ಬೆರೆಟ್ಟಾ ಮತ್ತು ಡೇವಿಸ್ ಎಂಬಿಬ್ಬರು 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಕರಣದ ಕ್ರಮದಲ್ಲಿ ಕಲಿತ ಮಕ್ಕಳು ವ್ಯಾಕರಣದ ಪರೀಕ್ಷೆಯಲ್ಲಿ ಮುಂದಿದ್ದರು, ನಿಜ. ಎರಡು ಕ್ರಮಕ್ಕೂ ಸೇರದ ಸಾಮಾನ್ಯ ಪರೀಕ್ಷೆಗಳಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ, ಪ್ರಭು ಅವರ ಕ್ರಮದ ಮಕ್ಕಳು ಮುಂದಿದ್ದರು. ಪ್ರಭು ಅವರು ಮಕ್ಕಳನ್ನು ಜೋಡಿ ಮಾಡಿ ಮಾತಾಡಿಸುವುದಕ್ಕೆ ಅಷ್ಟೇನೂ ಒತ್ತು ಕೊಟ್ಟವರಲ್ಲ, ಅದೂ ನಿಜ. ಆದರೆ ಒಬ್ಬರ ಬಳಿ ಇರುವ ಮಾಹಿತಿ ಇನ್ನೊಬ್ಬರ ಬಳಿ ಇಲ್ಲದಿದ್ದಾಗ ಮಾತಿಗೆ ಕಾರಣ ಹುಟ್ಟುತ್ತದೆ ಎಂದು ಅವರು ಗುರುತಿಸಿದ್ದನ್ನೇ ಇಂದು ಲೋಕದ ಎಷ್ಟೋ ಸಂಭಾಷಣೆ ತರಗತಿಗಳಲ್ಲಿ ಬಳಸುತ್ತಾರೆ. ನಮ್ಮ ಶನಿವಾರದ ಕೋಣೆಯಲ್ಲೂ ಅದನ್ನೇ ಬಳಸುತ್ತೇವೆ. ನಮ್ಮ ನೆಲದಲ್ಲಿ ಬೆಳೆದು ಬಂದ ಕ್ರಮವನ್ನು ಕನ್ನಡ ಸಂಘವೇ ಹರಟೆ ಎಂದು ತಳ್ಳುವುದಾದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸರಿಯಾಗಿಯೇ ಇದೆ.

ಆ ‘ಹರಟೆ’ಯಲ್ಲಿ ನಡೆಯುವುದೇನು ಎಂದು ಹೇಳುತ್ತೇವೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತೇವೆ. ಒಬ್ಬರು ಡಾಕ್ಟರ ಶಾಪಿನ ರಿಸೆಪ್ಷನಿಸ್ಟು, ಇನ್ನೊಬ್ಬರು ಬೆಳಿಗ್ಗೆ ಎಂಟು ಗಂಟೆಗೆ ಫೋನು ಮಾಡಿದ ರೋಗಿ. ಮುಖ ಕಾಣುವ ಹಾಗಿಲ್ಲ, ಏಕೆಂದರೆ ಫೋನಿನಲ್ಲಿ ಕೈಸನ್ನೆ ನಡೆಯದು. ರೋಗಿಗೆ ಏನಾಗಿದೆ ಎಂಬುದು ರೋಗಿಯ ಚೀಟಿಯಲ್ಲಿ ಮಾತ್ರ ಇದೆ. ಯಾವ ಯಾವ ಸಮಯ ಖಾಲಿ ಇದೆ ಎಂಬುದು ರಿಸೆಪ್ಷನಿಸ್ಟರ ಚೀಟಿಯಲ್ಲಿ ಮಾತ್ರ ಇದೆ. ಐ ಹ್ಯಾವ್ ಎ ಸ್ಟಮಕ್ ಪೇನ್ ಎಂಬ ಮೊದಲ ವಾಕ್ಯವನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಹೋಗಬಹುದು. ಕಷ್ಟ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಶಾರ್ಪ್ ಪೇನೋ, ಡಲ್ ಪೇನೋ? ಬಂದು ಬಂದು ಹೋಗುತ್ತದೆಯೋ, ಒಂದೇ ಸಮನೆ ಇದೆಯೋ? ಊಟಕ್ಕೆ ಮುಂಚೆಯೋ, ಆಮೇಲೋ? ಬಾಯಿಪಾಠದವರು ಅಲ್ಲಿ ನಿಂತುಬಿಡುತ್ತಾರೆ. ನಮ್ಮ ಕ್ಲಾಸು ಇರುವುದೇ ಆ ಎರಡನೆಯ ಪ್ರಶ್ನೆಗಾಗಿ. ಅರ್ಥವಾಗದಿದ್ದರೆ ಸುಮ್ಮನೆ ಎಸ್ ಎಸ್ ಎಂದು ತಲೆಯಾಡಿಸದೆ, ಸಾರಿ, ಕುಡ್ ಯು ಸೇ ದಟ್ ಅಗೇನ್ ಎಂದು ಕೇಳುವುದು. ಡು ಯು ಮೀನ್ ಎಂದು ಶುರು ಮಾಡಿ ತಿಳಿದದ್ದನ್ನು ಖಾತ್ರಿ ಮಾಡಿಕೊಳ್ಳುವುದು. ಪದ ಸಿಗದಿದ್ದರೆ ಸುತ್ತು ಬಳಸಿಯಾದರೂ ವಿವರಿಸುವುದು. ಇವು ಯಾವ ಗೈಡಿನಲ್ಲಿಯೂ ಓದಿ ಬರುವಂಥವಲ್ಲ. ಎದುರಿಗೊಬ್ಬರು ಬೇಕು, ಅವರು ನಿರೀಕ್ಷೆ ಇಲ್ಲದ್ದನ್ನು ಕೇಳಬೇಕು.

ಇಲ್ಲಿಯ ಆಡುಮಾತೂ ಹಾಗೆಯೇ. ಹಾಫ್ ಸೆವೆನ್ ಎಂದರೆ ಏಳೂವರೆ ಎಂದು ನಮಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಯು ಆಲ್ ರೈಟ್ ಎಂದು ಪಕ್ಕದ ಮನೆಯಾಕೆ ಕೇಳಿದರೆ ನಮಗೇನೋ ಕಾಯಿಲೆಯಾಗಿದೆ ಎಂದು ಆಕೆ ತಿಳಿದಿಲ್ಲ, ಅದು ನಮ್ಮ ‘ಏನಮ್ಮ, ಚೆನ್ನಾಗಿದೀರಾ’ ಇದ್ದ ಹಾಗೆ. ಉತ್ತರದ ಊರುಗಳಲ್ಲಿ ಟೀಗೆ ಬನ್ನಿ ಎಂದು ಕರೆದರೆ ಸಂಜೆಯ ಊಟಕ್ಕೇ ಕರೆದಿರಬಹುದು. ಇನ್ನು ಪ್ಲೀಸ್ ಎಂಬ ಮಾತು. ಕನ್ನಡದಲ್ಲಿ ನಮ್ಮ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ‘ಕೊಡಿ’ ಎಂದರೆ ಸಾಕು, ಬಹುವಚನವೇ ಗೌರವ. ಇಂಗ್ಲಿಷಿನಲ್ಲಿ ‘ಗಿವ್’ಗೆ ಏಕವಚನ ಬಹುವಚನವಿಲ್ಲ, ಹಾಗಾಗಿ ಆ ಗೌರವವನ್ನು ಕುಡ್ ಯು, ಪ್ಲೀಸ್, ಥ್ಯಾಂಕ್ ಯು ಎಂದು ಹೊರಗಿನಿಂದ ಸೇರಿಸಬೇಕು. ಸೇರಿಸದಿದ್ದರೆ ನಾವು ಗದರಿಸಿದ ಹಾಗೆ ಕೇಳಿಸುತ್ತದೆ. ಇದನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಕೂಡಲೇ ಇಂಗ್ಲಿಷಿನಲ್ಲಿ ಆಡಿಸಿ ನೋಡುವ ಅನುಕೂಲ ಈ ಊರಿನ ಬೇರೆ ಯಾವ ಕ್ಲಾಸಿನಲ್ಲಿದೆ? ಕನ್ನಡ ಸಂಘಕ್ಕೆ ಇಂಗ್ಲಿಷ್ ಕ್ಲಾಸು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಈಗ ಪರೀಕ್ಷೆಯ ಮಾತಿಗೆ ಬರೋಣ. 2010ರ ನವೆಂಬರಿನಿಂದ ಗಂಡ ಅಥವಾ ಹೆಂಡತಿಯಾಗಿ ಈ ದೇಶಕ್ಕೆ ಬರುವವರಿಗೆ, 2013ರ ಅಕ್ಟೋಬರಿನಿಂದ ಇನ್ನೂ ಮೇಲಿನ ಬಿ1 ಮಟ್ಟದಲ್ಲಿ ಖಾಯಂ ನೆಲೆ ಬೇಡುವವರಿಗೆ, ಮಾತಾಡುವ ಮತ್ತು ಕೇಳಿ ತಿಳಿಯುವ ಇಂಗ್ಲಿಷಿನ ಪರೀಕ್ಷೆ ಬಂತು. 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಸರ್ಕಾರ ಈ ಮಟ್ಟಗಳನ್ನು ಇನ್ನೂ ಏರಿಸುವ ಮಾತಾಡಿತು. ಪರೀಕ್ಷೆಯ ಭಯ ನಮಗೂ ಇದೆ, ಶುಲ್ಕ ನಮ್ಮ ಮನೆಯಿಂದಲೇ ಹೋಗುತ್ತದೆ. ಆದರೆ ಆ ಪರೀಕ್ಷೆ ಹೇಗಿದೆ ಎಂದು ಬಾಯಿಪಾಠದ ಪರವಾದವರು ನೋಡಿದ್ದಾರೆಯೆ? ಬಿ1 ಮಟ್ಟಕ್ಕೆಂದು ಬಹಳ ಜನ ತೆಗೆದುಕೊಂಡ ಟ್ರಿನಿಟಿಯ ಗ್ರೇಡ್ 5 ಪರೀಕ್ಷೆ ಒಟ್ಟು 10 ನಿಮಿಷದ್ದು. ಅದರ ಅರ್ಧ, ನಾವೇ ಆರಿಸಿಕೊಂಡ ವಿಷಯದ ಮೇಲೆ ಪರೀಕ್ಷಕರೊಡನೆ ಚರ್ಚೆ. ಇನ್ನರ್ಧ ಹಬ್ಬ, ಸಂಗೀತ, ಪ್ರಯಾಣದಂಥ ವಿಷಯಗಳ ಮೇಲೆ ಸಂಭಾಷಣೆ. ಒಪ್ಪಿಸುವ ಪಾಠ ಕೇಳಲು ಪರೀಕ್ಷಕರು ಕೂತಿರುವುದಿಲ್ಲ. ನಡುವೆ ತಡೆದು ಪ್ರಶ್ನೆ ಹಾಕುತ್ತಾರೆ, ನಾವೂ ಅವರನ್ನು ಪ್ರಶ್ನೆ ಕೇಳಬೇಕೆಂದು ನಿರೀಕ್ಷಿಸುತ್ತಾರೆ. 2015ರಲ್ಲಿ ಬಂದ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಪರೀಕ್ಷೆಯಲ್ಲಂತೂ ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ ಅವರವರೇ ಮಾತಾಡುವಂತೆ ಮಾಡಿದರು. ಹೀಗಿರುವಾಗ ಗಿಳಿಪಾಠದಿಂದ ಪರೀಕ್ಷೆಗೂ ಪ್ರಯೋಜನ ಕಡಿಮೆ, ಬದುಕಿಗಂತೂ ಏನೂ ಇಲ್ಲ. ಪರೀಕ್ಷೆಯ ದಿನ ಗೊತ್ತಾದವರಿಗೆ ಕೊನೆಯ ಮೂರು ನಾಲ್ಕು ವಾರ ಬೇರೆ ವೇಳೆಯಲ್ಲಿ ತಯಾರಿ ಮಾಡಿಸಿ, ನಾವು ಕೃತಜ್ಞರು. ಅದಕ್ಕಾಗಿ ಎಲ್ಲರ ಸಂಭಾಷಣೆಯ ಗಂಟೆಯನ್ನು ತೆಗೆಯಬೇಡಿ. 65 ದಾಟಿದ ಹಿರಿಯರಿಗೆ ಆ ಪರೀಕ್ಷೆಯೇ ಇಲ್ಲ. ಅವರು ಬರುವುದು ಪಾರ್ಕಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೊಡನೆ ನಾಲ್ಕು ಮಾತಾಡುವ ಆಸೆಯಿಂದ. ಅವರನ್ನು ಪ್ರಶ್ನೋತ್ತರಮಾಲೆಯ ಮುಂದೆ ಕೂರಿಸುವುದು ಯಾವ ನ್ಯಾಯ?

ತಪ್ಪನ್ನು ಆಗಲೇ ತಿದ್ದದಿದ್ದರೆ ಅದೇ ಅಭ್ಯಾಸವಾಗುತ್ತದೆ ಎಂಬ ವಾದವೂ ಇದೆ. ಇದರಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಕನ್ನಡದಲ್ಲಿ ಇರುವುದು ಒಂದೇ ‘ವ’. ಇಂಗ್ಲಿಷಿನ ವೆಸ್ಟ್ ಎಂಬ ಒಳ ಅಂಗಿಗೂ ವೆಸ್ಟ್ ಎಂಬ ಪಡುವಣ ದಿಕ್ಕಿಗೂ ನಮ್ಮ ಬಾಯಲ್ಲಿ ವ್ಯತ್ಯಾಸವಿಲ್ಲ. ನಾವು ಎಲ್ಲ ಅಕ್ಷರಕ್ಕೂ ಸಮನಾದ ಒತ್ತು ಕೊಡುತ್ತೇವೆ. ಇಂಗ್ಲಿಷರು ಫೋಟೋಗ್ರಾಫ್ ಎನ್ನುವಾಗ ಮೊದಲಿಗೆ, ಫೊಟಾಗ್ರಫರ್ ಎನ್ನುವಾಗ ಎರಡನೆಯದಕ್ಕೆ ಒತ್ತು ಹಾಕುತ್ತಾರೆ. ಒತ್ತು ತಪ್ಪಿದರೆ ಅವರಿಗೆ ಪದವೇ ತಿಳಿಯದೆ ಹೋಗಬಹುದು. ಇಂಥವನ್ನು ನಾವು ಕ್ಲಾಸಿನ ಕೊನೆಯ ಹತ್ತು ನಿಮಿಷದಲ್ಲಿ ಹಲಗೆಯ ಮೇಲೆ ಬರೆದು ತಿದ್ದಿಕೊಳ್ಳುತ್ತೇವೆ. ಆದರೆ ಮಾತಿನ ನಡುವೆ ಪ್ರತಿ ವಾಕ್ಯಕ್ಕೂ ತಡೆದರೆ ಮಾತೇ ನಿಲ್ಲುತ್ತದೆ. ಫ್ರಮ್ ಟ್ಯೂಸ್‌ಡೇ ಎಂದರೂ ಸಿನ್ಸ್ ಟ್ಯೂಸ್‌ಡೇ ಎಂದರೂ ರಿಸೆಪ್ಷನಿಸ್ಟಿಗೆ ಮಂಗಳವಾರ ಅರ್ಥವಾಗುತ್ತದೆ. ಏನೂ ಹೇಳದೆ ಫೋನು ಇಟ್ಟರೆ ಅರ್ಥವಾಗುವುದಿಲ್ಲ. ಇನ್ನು ನಮ್ಮ ಮಾತಿನಲ್ಲಿ ಹಾಸನವೋ ಧಾರವಾಡವೋ ಮಂಗಳೂರೋ ಕೇಳಿಸುತ್ತದೆ ಎಂಬುದನ್ನು ನೀವು ದೋಷ ಎಂದು ಎಣಿಸಿದ್ದರೆ, ಸ್ಕಾಟ್ಲೆಂಡಿನವರ ಮಾತಿನಲ್ಲಿ ಸ್ಕಾಟ್ಲೆಂಡ್ ಕೇಳಿಸುವುದಿಲ್ಲವೆ? ಅವರನ್ನು ಯಾವ ಸಂಘವೂ ತಿದ್ದಲು ಹೊರಟಿಲ್ಲ.

ಟೀವಿ ನೋಡಿ, ರೇಡಿಯೋ ಕೇಳಿ, ತಾನಾಗಿಯೇ ಬರುತ್ತದೆ ಎಂದು ಸಲಹೆ ಕೊಡುವವರೂ ಉಂಟು. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿದರು. ಕೇಳಿ ತಿಳಿಯುವುದರಲ್ಲಿ ಅವರು ಬಹಳ ಮುಂದೆ ಹೋದರು, ಮಾತಾಡುವುದರಲ್ಲಿ ಮಾತ್ರ ಹಿಂದೆ ಉಳಿದರು. ಅದನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬ ವಿದ್ವಾಂಸೆ 1985ರಲ್ಲಿ ಬರೆದದ್ದರ ಸಾರ ಇಷ್ಟು: ಕೇಳುವುದೊಂದೇ ಸಾಲದು, ತನ್ನ ಅರ್ಥವನ್ನು ತಾನೇ ಮಾತಿನಲ್ಲಿ ಹೊರಡಿಸಬೇಕಾದ ಒತ್ತಡ ಕಲಿಯುವವರಿಗೆ ಬರಬೇಕು. ಟೀವಿ ನಮ್ಮ ಉತ್ತರಕ್ಕೆ ಕಾಯುವುದಿಲ್ಲ.

ಕಾಯುವ ಮಾತು ಬಂತು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ವಾರಕ್ಕೊಂದು ಗಂಟೆ ಕ್ಲಾಸಿನಲ್ಲಿ ಕಟ್ಟಿದ್ದನ್ನು ಉಳಿದ ಆರು ದಿನ ಕೆಡವುವವರು ಹೊರಗಿನವರಲ್ಲ. ಡಾಕ್ಟರು ನಮ್ಮ ಮುಖ ನೋಡಿ ಪ್ರಶ್ನೆ ಕೇಳುತ್ತಾರೆ, ಉತ್ತರ ಮಗನ ಬಾಯಿಂದ ಬರುತ್ತದೆ. ಶಾಲೆಯಲ್ಲಿ ಟೀಚರು ತಾಯಿಯನ್ನು ಕೇಳಿದರೆ ತಂದೆ ಹೇಳುತ್ತಾರೆ. ಅಂಗಡಿಯಲ್ಲಿ ನಾವು ಬಾಯಿ ತೆರೆಯುವಷ್ಟರಲ್ಲಿ ಎಂಟು ವರ್ಷದ ಮೊಮ್ಮಗಳು ವಾಕ್ಯ ಮುಗಿಸಿರುತ್ತಾಳೆ. ಪ್ರೀತಿಯಿಂದಲೇ ಮಾಡುತ್ತೀರಿ, ಹೊತ್ತಾಗುತ್ತದೆಂದು ಮಾಡುತ್ತೀರಿ. ಆದರೆ ನೋವು ನಮ್ಮದು. ಕನ್ನಡದಲ್ಲಿ ನಾವು ಉರಿ ಎನ್ನುತ್ತೇವೆ, ಸೆಳೆತ ಎನ್ನುತ್ತೇವೆ, ಚುಚ್ಚಿದ ಹಾಗೆ, ಹಿಂಡಿದ ಹಾಗೆ, ಜೋಮು ಹಿಡಿದ ಹಾಗೆ ಎನ್ನುತ್ತೇವೆ. ನೀವು ಇವಕ್ಕೆಲ್ಲ ಸೇರಿಸಿ ಪೇನ್ ಎಂದು ಒಂದೇ ಮಾತು ಹೇಳುತ್ತೀರಿ. ಬರ್ನಿಂಗ್, ಸ್ಟ್ಯಾಬಿಂಗ್, ಥ್ರಾಬಿಂಗ್, ಪಿನ್ಸ್ ಅಂಡ್ ನೀಡಲ್ಸ್ ಎಂದು ಬೇರೆ ಬೇರೆ ಮಾತು ಇಂಗ್ಲಿಷಿನಲ್ಲೂ ಇವೆ. ಡಾಕ್ಟರಿಗೆ ಬೇಕಾದದ್ದು ಆ ವ್ಯತ್ಯಾಸವೇ. ಗಂಡನ ಮುಂದೆಯೂ ಮಗನ ಮುಂದೆಯೂ ಹೆಂಗಸರು ಹೇಳಲಾಗದ ತೊಂದರೆಗಳಿವೆ. ದುಭಾಷಿಯಾಗಿ ಬಂದವರು ಮನೆಯವರೇ ಆದರೆ ಅವು ಡಾಕ್ಟರವರೆಗೆ ತಲುಪುವುದೇ ಇಲ್ಲ. ಈ ಕಾರಣಕ್ಕಾಗಿಯೇ ಎನ್‌ಎಚ್‌ಎಸ್ ಸಹ ಮನೆಯವರನ್ನು ದುಭಾಷಿಯಾಗಿ ಬಳಸುವ ಬದಲು ತರಬೇತಾದ ದುಭಾಷಿಗಳನ್ನು ಬಳಸಿ ಎನ್ನುತ್ತದೆ, ಅದಕ್ಕೆ ರೋಗಿ ಹಣ ಕೊಡಬೇಕಾಗಿಲ್ಲ. ನಮಗೆ ತಿಳಿಯದ ಗಂಭೀರ ಸಂಗತಿಗೆ ದುಭಾಷಿ ಕೇಳೋಣ. ನಮ್ಮಿಂದ ಆಗುವ ಮಾತನ್ನು ನಾವೇ ಆಡೋಣ. ಇವೆರಡರ ನಡುವೆ ನಮ್ಮ ಮಾತನ್ನು ಕಸಿಯುವವರು ಬೇಡ.

ರಾಜ್ಯೋತ್ಸವದ ಪ್ರಹಸನಗಳ ಬಗ್ಗೆಯೂ ಒಂದು ಮಾತು. ಹಳ್ಳಿಯಿಂದ ಬಂದ ಅತ್ತೆ ಇಂಗ್ಲಿಷನ್ನು ತಪ್ಪು ತಪ್ಪಾಗಿ ಆಡುವುದು, ಸಭೆ ಬಿದ್ದು ಬಿದ್ದು ನಗುವುದು ವರ್ಷ ವರ್ಷವೂ ನಡೆದು ಬಂದಿದೆ. ನಗು ನಮಗೂ ಬರುತ್ತದೆ. ಮಾರನೆಯ ಶನಿವಾರ ಕ್ಲಾಸಿಗೆ ಒಬ್ಬಿಬ್ಬರು ಕಡಿಮೆಯಾಗಿರುತ್ತಾರೆ, ಅದನ್ನು ಮಾತ್ರ ಯಾರೂ ಲೆಕ್ಕ ಹಿಡಿಯುವುದಿಲ್ಲ. ಅದೇ ವೇದಿಕೆಯಲ್ಲಿ ಇಲ್ಲಿಯೇ ಹುಟ್ಟಿದ ಮಗು ‘ನಾನು ಹೋಗ್ತಾನೆ’ ಎಂದರೆ ಎಲ್ಲರೂ ಚಪ್ಪಾಳೆ ತಟ್ಟಿ, ಪಾಪ, ಎಷ್ಟು ಚೆನ್ನಾಗಿ ಪ್ರಯತ್ನಿಸಿತು ಎನ್ನುತ್ತೀರಿ. ಆ ಚಪ್ಪಾಳೆ ಸರಿಯಾದದ್ದು. ಅದರಲ್ಲಿ ಅರ್ಧವನ್ನು ಅಜ್ಜಿಗೂ ಕೊಡಿ.

ನಮಗೆ ಇಂಗ್ಲಿಷ್ ಕಲಿಸುವ ನೆಪದಲ್ಲಿ ಮನೆಯಲ್ಲಿ ಮಕ್ಕಳು ಇಂಗ್ಲಿಷ್ ಹಿಡಿಯುವುದೂ ಬೇಡ. ಮನೆಯ ಊಟದ ಮೇಜಿನಲ್ಲಿ ಕನ್ನಡವೇ ಇರಲಿ, ಅಲ್ಲಿ ನಾವು ಮಕ್ಕಳಿಗೆ ಕಲಿಸುವವರು. ಕ್ಲಾಸು, ಅಂಗಡಿ, ಬಸ್ಸು, ಆಸ್ಪತ್ರೆ ಇವು ನಾವು ಇಂಗ್ಲಿಷ್ ಕಲಿಯುವ ಜಾಗಗಳು. ಎರಡನ್ನೂ ಕಲಸಿದರೆ ಅವರ ಕನ್ನಡವೂ ಕೆಟ್ಟು ನಮ್ಮ ಇಂಗ್ಲಿಷೂ ಬಾರದು.

ಆದ್ದರಿಂದ ಸಭೆಯ ಮುಂದೆ ನಮ್ಮ ಬೇಡಿಕೆಗಳು ಇವು. ಶನಿವಾರದ ಗಂಟೆ ಸಂಭಾಷಣೆಗೇ ಮೀಸಲಾಗಿ ಮುಂದುವರಿಯಲಿ. ಪರೀಕ್ಷೆಯ ತಯಾರಿ ಬೇರೆ ವೇಳೆಯಲ್ಲಿ, ಬೇಕಾದವರಿಗೆ ಮಾತ್ರ ಇರಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಸದಸ್ಯರು ಸರದಿಯ ಪ್ರಕಾರ ವಾರಕ್ಕಿಬ್ಬರಂತೆ ಕ್ಲಾಸಿಗೆ ಬರಲಿ. ಪಾಠ ಮಾಡಲು ಅಲ್ಲ, ಎದುರು ಕೂತು ಮಾತಾಡಲು, ನಮ್ಮ ವಾಕ್ಯ ಮುಗಿಯುವವರೆಗೆ ಕೇಳಲು. ಎಳೆಯ ಮಕ್ಕಳ ತಾಯಂದಿರು ಬರುವಂತಾಗಲು ಆ ಒಂದು ಗಂಟೆ ಮಕ್ಕಳನ್ನು ನೋಡಿಕೊಳ್ಳಲು ಗಂಡಸರು ಸರದಿ ಹಾಕಿಕೊಳ್ಳಲಿ. ಕಾರು ಇಲ್ಲದ ಹಿರಿಯರನ್ನು ಕರೆತರುವ ಏರ್ಪಾಡಾಗಲಿ. ಇದರಲ್ಲಿ ಸಂಘದ ಖಜಾನೆಗೆ ಭಾರವಾಗುವಂಥದ್ದು ಒಂದೂ ಇಲ್ಲ.

ಮನೆಯಲ್ಲಿ ಮಾಡಬೇಕಾದದ್ದಕ್ಕೆ ಸಭೆಯ ಠರಾವೂ ಬೇಕಿಲ್ಲ. ಮುಂದಿನ ಸಲ ಹೊರಗೆ ಯಾರಾದರೂ ನಮ್ಮನ್ನು ಏನಾದರೂ ಕೇಳಿದಾಗ ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ನಾವು ಹೇಳದಿದ್ದರೆ ಇನ್ನೊಂದು ಸಲ ಎಣಿಸಿ. ಎದುರಿನವರು ಕಾಯುತ್ತಾರೆ, ಕಾಯುವುದು ಈ ದೇಶದವರಿಗೆ ಚೆನ್ನಾಗಿ ಗೊತ್ತು, ಕ್ಯೂ ನೋಡಿದರೇ ತಿಳಿಯುತ್ತದೆ. ತಪ್ಪಾದರೆ ನಮ್ಮ ತಪ್ಪು, ನಮ್ಮ ಬಾಯಿಂದಲೇ ಆಗಲಿ.

ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಬಂದಾಗ ನಾವು ಎದ್ದು ನಿಂತು ಮಾತಾಡಲಿದ್ದೇವೆ, ಮೊದಲು ಕನ್ನಡದಲ್ಲಿ, ಬೇಕೆಂದರೆ ಇಂಗ್ಲಿಷಿನಲ್ಲೂ. ದಯಮಾಡಿ ನಡುವೆ ಬಾಯಿ ಹಾಕಬೇಡಿ.

ಇತಿ ನಿಮ್ಮ ವಿಶ್ವಾಸಿಗಳು,
ಶನಿವಾರದ ಇಂಗ್ಲಿಷ್ ಕ್ಲಾಸಿನವರು